ಇಲ್ಲೇ ತಿನ್ನಬೇಕಾದ ಮೊಟ್ಟೆ

ಬಸುರಿಯರಿಗೆ ಸರ್ಕಾರ ಕೊಡುವ ಊಟದ ತಪಾಸಣೆಗೆಂದು ಬಿಣಗಾದ ಅಂಗನವಾಡಿಯೊಂದಕ್ಕೆ ಹೋಗಿದ್ದೆ. ಮೀನು ಮಾರುವ ಹೆಂಗಸೊಬ್ಬಳು ಉಣ್ಣುತ್ತ, ತನ್ನ ತಟ್ಟೆಯ ಮೊಟ್ಟೆಯನ್ನು ಮೆಲ್ಲಗೆ ಸೆರಗಿಗೆ ಕಟ್ಟಿಕೊಂಡಳು.

“ಮನೆಗೆ ಒಯ್ಯುವಂತಿಲ್ಲಮ್ಮ, ಇಲ್ಲೇ ತಿನ್ನಬೇಕು. ಅದು ನಿಯಮ,” ಎಂದೆ.

“ಶಾಲೆಗೆ ರಜೆ ಅಕ್ಕೋರೆ, ಮಗಳಿಗೆ ಬಿಸಿಯೂಟ ಇಲ್ಲ. ಅವಳು ಹಸಿದಿರುವಾಗ ಇದು ನನ್ನ ಗಂಟಲಲ್ಲಿ ಇಳಿಯೂದಿಲ್ಲ.”

“ನಿಯಮ ನಾನು ಮಾಡಿದ್ದಲ್ಲ.”

“ಹಸಿವೆ ನಾ ಮಾಡಿದ್ದಾ?” ಎಂದವಳೇ ಎದ್ದು ಹೋಗಿ, ಮಗಳ ಕೈ ಹಿಡಿದು ಕರೆತಂದಳು. ನನ್ನೆದುರೇ ಕೂರಿಸಿ, ಮೊಟ್ಟೆ ಸುಲಿದು ತಿನ್ನಿಸಿದಳು. “ನೋಡಿ, ಇಲ್ಲೇ ತಿಂದಾಯ್ತು.”

ಕಾರ್ಯಕರ್ತೆ ನನ್ನ ಮುಖವನ್ನೂ ನೋಡದೆ ತಾಯಿಯ ತಟ್ಟೆಗೆ ಇನ್ನೊಂದು ಮೊಟ್ಟೆ ಹಾಕಿದಳು. ನಾನು ಗೋಡೆಯ ಮೇಲಿನ ಅಕ್ಷರಮಾಲೆಯನ್ನು ಅ ದಿಂದ ಳ ವರೆಗೆ ಬಹಳ ಶ್ರದ್ಧೆಯಿಂದ ಓದಿದೆ.