ತರನ್ನುಮ್ ಮಿಸ್ ಹತ್ತಿಸಿದ ಒಂದು ಮೆಟ್ಟಿಲು

ಜಂಗಮಕೋಟೆ ಕಡೆಯ ಆ ಹಳ್ಳಿಯಲ್ಲಿ ಸರ್ಕಾರಿ ಶಾಲೆಯ ತರನ್ನುಮ್ ಮಿಸ್ ಯಾರೆಂದು ಯಾರಿಗೂ ಹೇಳಬೇಕಾಗಿಲ್ಲ. ಬಸ್ಸಿನಿಂದ ಇಳಿಯುವಾಗಲೇ ಮಾತು ಶುರು ಮಾಡುವ ಹೆಂಗಸು ಅವರೊಬ್ಬರೇ. ಮಾತು ಜಾಸ್ತಿ, ಹಟ ಅದಕ್ಕಿಂತ ಜಾಸ್ತಿ. ಇವತ್ತು ಊರಿನವರು ಅವರನ್ನು ‘ನಮ್ಮ ಮಿಸ್ಸು’ ಎಂದು ಬಾಯ್ತುಂಬ ಹೇಳಿಕೊಳ್ಳುತ್ತಾರೆ. ಆದರೆ ಬಂದ ವರ್ಷವೇ ಅವರು ಒಂದು ತಪ್ಪು ಮಾಡಿದ್ದರು. ಅದನ್ನು ತಿದ್ದಿಕೊಂಡ ರೀತಿಗೇ ಊರು ಅವರನ್ನು ತನ್ನವರೆಂದು ಒಪ್ಪಿಕೊಂಡಿತು.

ಅವರ ಮನೆ ಶಿಡ್ಲಘಟ್ಟದಲ್ಲಿ. ತಂದೆ ತಾಜ್ ಪಾಷಾ ರೇಷ್ಮೆಗೂಡು ಕೊಂಡು ನೂಲು ತೆಗೆಯುವ ರೀಲರ್. ಮಾರುಕಟ್ಟೆಯಲ್ಲಿ ಮೇಲುಗಡೆ ಕಾಣುವ ಗೂಡನ್ನು ಅವರು ಮುಟ್ಟುವವರೇ ಅಲ್ಲ. ರಾಶಿಯೊಳಗೆ ಮೊಣಕೈ ತನಕ ಕೈ ಇಳಿಸಿ ತಳದಿಂದ ಒಂದು ಹಿಡಿ ತೆಗೆದು, ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿ, ಆಮೇಲೆ ಮೊಬೈಲಿನಲ್ಲಿ ಹರಾಜಿನ ಬೆಲೆ ಒತ್ತುತ್ತಾರೆ. ಬೇಯುವ ಗೂಡಿನ ವಾಸನೆಯಲ್ಲೇ ಬೆಳೆದ ಮಗಳು ತನಗೆ ರೇಷ್ಮೆ ಚೆನ್ನಾಗಿ ಗೊತ್ತು ಎಂದುಕೊಂಡಿದ್ದರು. ಗೊತ್ತಿದ್ದದ್ದು ಗೂಡಿನಿಂದ ಈಚೆಗೆ ಮಾತ್ರ. ಹುಳು ಸಾಕುವ ಮನೆಗಳ ಪಾಡು ಏನೆಂದು ಅವರು ಕಂಡಿರಲಿಲ್ಲ.

ನಾಲ್ಕನೇ ತರಗತಿ ಕೈಗೆ ಬಂದ ಕೂಡಲೇ ತರನ್ನುಮ್ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಕೂರಿಸಿಕೊಂಡು ಓದಿಸಿ ನೋಡಿದರು. ಅಕ್ಷರ, ಪದ, ವಾಕ್ಯ, ಪ್ಯಾರಾ, ಕಥೆ ಎಂದು ಐದು ಮೆಟ್ಟಿಲು. ಯಾವ ಮಗು ಎಲ್ಲಿ ನಿಂತಿದೆಯೋ ಅಲ್ಲಿಂದ ಅದಕ್ಕೆ ಅದರದ್ದೇ ಗುರಿ, ಸಂಕ್ರಾಂತಿಯ ಹೊತ್ತಿಗೆ ಮುಟ್ಟಬೇಕು. ಇಡೀ ತರಗತಿಗೆ ಒಂದೇ ಗುರಿ ಇಟ್ಟು ಓಡುವವರನ್ನು ಕಟ್ಟಿಹಾಕುವುದು, ಕುಂಟುವವರನ್ನು ಹೆದರಿಸುವುದು ಅವರಿಗೆ ಮೈಯುರಿಯುವ ವಿಷಯ. ಶಿರೀಷಾ ಎಂಬ ಹುಡುಗಿ ಅವತ್ತು ಹಾಳೆ ಹಿಡಿದು ಎರಡು ಮೂರು ಅಕ್ಷರ ಹೇಳಿ ಸುಮ್ಮನಾದಳು. ಮಿಸ್ ಅವಳ ಹೆಸರಿನ ಮುಂದೆ ‘ಅಕ್ಷರ’ ಎಂದು ಬರೆದರು. ಗುರಿ, ‘ವಾಕ್ಯ ಓದುವುದು’. ಅದೇ ಮಾಹಿತಿ ಮೇಲಿನ ಕಚೇರಿಗೂ ಹೋಯಿತು.

ಪೋಷಕರ ಸಭೆಗೆ ಶಿರೀಷಾಳ ಮನೆಯಿಂದ ಯಾರೂ ಬರಲಿಲ್ಲ. ತರನ್ನುಮ್ ಬಿಡುತ್ತಾರೆಯೇ, ಒಂದು ಸಂಜೆ ತಾವೇ ಹೋದರು. ಹುಳುಮನೆಯಲ್ಲಿ ಹೊಸ ಮರಿಹುಳು ಬಿಡಲು ತಟ್ಟೆ ಸಜ್ಜಾಗುತ್ತಿತ್ತು. ಶಿರೀಷಾ ತಟ್ಟೆಗೆ ಹಳೇ ದಿನಪತ್ರಿಕೆ ಹಾಸುತ್ತ, ಹಾಸಿದ್ದನ್ನೆಲ್ಲ ಅಜ್ಜಿ ಅಕ್ಕಯಮ್ಮನಿಗೆ ಓದಿ ಹೇಳುತ್ತಿದ್ದಳು. “ಚಿಂತಾಮಣಿ ಮಾರುಕಟ್ಟೆಯಲ್ಲಿ ಟೊಮ್ಯಾಟೊ ಬೆಲೆ ಚೇತರಿಕೆ, ರೈತರ ಮೊಗದಲ್ಲಿ ಮಂದಹಾಸ.” ಎಲ್ಲೂ ತಡವರಿಸಲಿಲ್ಲ.

ಮಿಸ್ ಬಾಗಿಲಲ್ಲೇ ನಿಂತುಬಿಟ್ಟರು. “ಶಿರೀಷಮ್ಮಾ, ಇಷ್ಟು ಚೆನ್ನಾಗಿ ಓದ್ತೀಯ, ಅವತ್ತು ಯಾಕೆ ಓದ್ಲಿಲ್ಲ?”

ಹುಡುಗಿ ತಲೆ ತಗ್ಗಿಸಿ ಇನ್ನೊಂದು ತಟ್ಟೆಗೆ ಕಾಗದ ಹಾಸತೊಡಗಿದಳು. ಉತ್ತರ ಕೊಟ್ಟದ್ದು ಅಜ್ಜಿ. “ಅವತ್ತು ಹುಳ ನಾಲ್ಕನೇ ಜ್ವರ ಎದ್ದಿತ್ತಲ್ಲಮ್ಮಾ. ಮನೆಮಂದಿಗೆಲ್ಲಾ ಸೊಪ್ಪು ಕುಯ್ಯೋದೇ ಕೆಲ್ಸ. ಈ ಮಗು ಕಣ್ಣು ಬಿಟ್ಕೊಂಡೇ ನಿದ್ದೆ ಮಾಡ್ತಿತ್ತು.”

ಹುಳು ಮೇವು ಬಿಟ್ಟು ಮಲಗಿ ಪೊರೆ ಕಳಚುವುದಕ್ಕೆ ಈ ಕಡೆ ಜ್ವರ ಎನ್ನುತ್ತಾರೆ. ನಾಲ್ಕನೆಯದು ಕಳೆದು ಎದ್ದ ಹುಳುವಿನ ಹಸಿವಿಗೆ ಕೊನೆಯಿಲ್ಲ, ಸಾಕುವವರಿಗೆ ನಿದ್ದೆಯಿಲ್ಲ. ಆ ವಾರದಲ್ಲೇ ಮಿಸ್ ಮಕ್ಕಳನ್ನು ಅಳೆದು ಕೂತಿದ್ದರು. ವಾಪಸು ಬರುವ ಬಸ್ಸಿನಲ್ಲಿ ಅವರಿಗೆ ತಮ್ಮ ಮೇಲೆ ಸಿಟ್ಟು ಬಂತು. ಅಪ್ಪ ಒಂದು ಲಾಟು ಗೂಡಿಗೆ ತೋರಿಸುವಷ್ಟು ತಾಳ್ಮೆಯನ್ನು ತಾನು ಮಗುವಿಗೆ ತೋರಿಸಲಿಲ್ಲವಲ್ಲ ಎಂದು ಮನಸ್ಸು ಚುಚ್ಚಿತು.

ಆ ಹೊಸ ಬೆಳೆಯ ಗೂಡು ಮಾರುಕಟ್ಟೆಗೆ ಹೋದ ಮೇಲೆ, ಹುಳುಮನೆಗಳ ಮಕ್ಕಳನ್ನೆಲ್ಲ ಅವರು ಮತ್ತೆ ಓದಿಸಿದರು. ಬಹಳ ಮಂದಿ ಮೇಲೆ ಬಂದರು. ಶಿರೀಷಾ ಪ್ಯಾರಾದ ಮೆಟ್ಟಿಲಲ್ಲಿ ಗಟ್ಟಿಯಾಗಿ ನಿಂತಿದ್ದಳು.

ಕಚೇರಿಗೆ ಕಳಿಸಿದ ಹಳೇ ಲೆಕ್ಕ ತಿದ್ದುತ್ತೇನೆ ಎಂದು ಮಿಸ್ ಹೇಳಿದಾಗ ಮುಖ್ಯೋಪಾಧ್ಯಾಯ ಹನುಮಂತರಾಯಪ್ಪನವರು ಕನ್ನಡಕ ತೆಗೆದು ಒರೆಸಿದರು. ಒಳ್ಳೆಯ ಮನುಷ್ಯ, ರಗಳೆ ಮಾತ್ರ ಬೇಡ. “ಇರ್ಲಿ ಬಿಡಮ್ಮಾ. ಕೆಳಗಿಂದ ಶುರುವಾದ್ರೆ ಸಂಕ್ರಾಂತಿಗೆ ಮೂರು ಮೆಟ್ಲು ಹತ್ತಿದ ಹಾಗೆ ಕಾಣುತ್ತೆ. ನಿಮಗೂ ಒಳ್ಳೇ ಹೆಸ್ರು, ಸ್ಕೂಲಿಗೂ ಒಳ್ಳೇ ಹೆಸ್ರು. ಯಾರು ಬಂದು ಕೇಳ್ತಾರೆ?”

ಯಾರೂ ಕೇಳುತ್ತಿರಲಿಲ್ಲ, ಅದು ನಿಜವೇ. ಆದರೆ ಆ ಗುರಿ ಹಾಗೇ ಉಳಿದರೆ ಹುಡುಗಿ ಕೂತಲ್ಲೇ ಕೂತು ಗೆಲ್ಲುತ್ತಿದ್ದಳು, ಅವಳ ಅರ್ಧ ವರ್ಷ ಮಣ್ಣುಪಾಲಾಗುತ್ತಿತ್ತು.

“ಸಾರ್, ಅವಳು ಆಗ್ಲೇ ನಿಂತಿರೋ ಜಾಗಕ್ಕೆ ನಾನು ಕರ್ಕೊಂಡು ಹೋದೆ ಅಂತ ಹೇಳ್ಕೊಳ್ಳೋದು ಹೇಗೆ?”

ಹನುಮಂತರಾಯಪ್ಪನವರು ಕನ್ನಡಕ ಹಾಕಿಕೊಂಡರು. ತಿದ್ದಿದ ಹಾಳೆ ಎಳೆದುಕೊಂಡು ಸಹಿ ಹಾಕಿದರು.

ಶಿರೀಷಾಳ ಹೊಸ ಗುರಿ ಇನ್ನೊಂದೇ ಮೆಟ್ಟಿಲು, ಕೊನೆಯ ‘ಕಥೆ’; ಆದರೆ ದೊಡ್ಡದು. ಹೊಸ ಕಥೆಯೊಂದನ್ನು ಓದಿ, ಅದಕ್ಕೆ ತಾನೇ ಒಂದು ಕೊನೆ ಕಟ್ಟಿ ತನ್ನ ಮಾತಿನಲ್ಲೇ ಬರೆಯಬೇಕು. ಓದುವುದು ಬೇಗ ಬಂತು. ಬರೆಯುವುದಕ್ಕೆ ಕೂತರೆ ಮಾತ್ರ ಪುಸ್ತಕದ ಸಾಲನ್ನೇ ಇಳಿಸುತ್ತಿದ್ದಳು, ಇಲ್ಲವೇ ಪೆನ್ಸಿಲ್ ಕಚ್ಚುತ್ತ ಕೂರುತ್ತಿದ್ದಳು. ದೀಪಾವಳಿ ಕಳೆಯಿತು. ಒಂದು ದಿನ ಬಂದು, “ನನ್ ಕೈಲಾಗಲ್ಲ ಮಿಸ್. ಹಳೇದೇ ಕೊಡಿ,” ಎಂದು ಅತ್ತುಬಿಟ್ಟಳು.

ತನ್ನ ಹಟಕ್ಕೆ ಮಗುವನ್ನು ಬಲಿ ಕೊಡುತ್ತಿದ್ದೇನೆಯೇ ಎಂದು ತರನ್ನುಮ್ ಹೆದರಿದರು. ಹೆದರಿಕೆ ನುಂಗಿಕೊಂಡು, “ಬರೀಬೇಡ, ಬಿಡು. ನಂಗೆ ಹುಳ ಸಾಕೋದು ಗೊತ್ತಿಲ್ಲ, ನೀನು ಹೇಳ್ಕೊಡು,” ಎಂದರು. ಶಿರೀಷಾ ಮೂಗು ಒರೆಸಿಕೊಂಡು ಶುರು ಮಾಡಿದವಳು ಗಂಟೆ ಹೊಡೆದರೂ ನಿಲ್ಲಿಸಲಿಲ್ಲ. “ಈಗ ಹೇಳಿದ್ಯಲ್ಲ, ಅದ್ರಲ್ಲಿ ಒಂದು ಮಾತು ಬರಿ. ಒಂದೇ ಸಾಕು,” ಎಂದರು ಮಿಸ್. ಅವತ್ತು ಒಂದು ಸಾಲು. ಮಾರನೇ ದಿನ ಇನ್ನೊಂದು. ಡಿಸೆಂಬರ್ ಚಳಿಯ ಹೊತ್ತಿಗೆ ಅವಳನ್ನು ನಿಲ್ಲಿಸುವುದೇ ಕಷ್ಟವಾಯಿತು.

ಸಂಕ್ರಾಂತಿಯ ಮುಂಚಿನ ಪರೀಕ್ಷೆಗೆ ದಿನ ಗೊತ್ತು ಮಾಡುವ ಮುಂಚೆ ಮಿಸ್ ಮನೆಮನೆಯ ಹುಳು ಯಾವ ಜ್ವರದಲ್ಲಿದೆ ಎಂದು ಮಕ್ಕಳನ್ನೇ ಕೇಳಿದರು. ಹುಳುವಿನ ಕೆಲಸ ಕಡಿಮೆಯಿದ್ದ ದಿನ ಪರೀಕ್ಷೆ ಇಟ್ಟದ್ದರಿಂದ ಪೋಷಕರೂ ಬಂದರು. ಅಕ್ಕಯಮ್ಮ ಸೆರಗು ಹೊದ್ದು ಮುಂದಿನ ಬೆಂಚಿನಲ್ಲೇ ಕೂತಳು. ಶಿರೀಷಾಳಿಗೆ ಸಿಕ್ಕಿದ್ದು ಸಂತೆಯಲ್ಲಿ ಕಳೆದುಹೋದ ಮೇಕೆಯ ಕಥೆ. ಓದಿದಳು, ಕೂತು ಬರೆದಳು, ಎದ್ದು ನಿಂತು ತಾನು ಬರೆದ ಕೊನೆಯನ್ನು ಎಲ್ಲರಿಗೂ ಕೇಳುವಂತೆ ಓದಿದಳು.

“ಮೇಕೆ ಹಿಪ್ಪುನೇರಳೆ ತೋಟದಲ್ಲಿ ಸಿಕ್ಕಿತು. ಸೊಪ್ಪೆಲ್ಲ ತಿಂದುಹಾಕಿತ್ತು. ಅಜ್ಜಿ ಕೋಲು ಎತ್ತಿದಳು, ಆದರೆ ಹೊಡೆಯಲಿಲ್ಲ. ಪಾಪ, ಅದೂ ನಾಲ್ಕನೇ ಜ್ವರ ಎದ್ದಿತ್ತು.”

ಇಡೀ ಕೋಣೆ ನಕ್ಕಿತು. ಅಕ್ಕಯಮ್ಮ ನಗುತ್ತಲೇ ಕಣ್ಣೊರೆಸಿಕೊಂಡು, “ಇದು ಪುಸ್ತಕದಾಗೇ ಐತಾ ಮೇಡಂ?” ಎಂದಳು.

“ಇಲ್ಲಮ್ಮಾ. ನಿಮ್ಮ ಮೊಮ್ಮಗಳೇ ಬರ್ದಿದ್ದು.”

ನೌಕರಿಗೆ ಸೇರಿದ ದಿನವೂ ತರನ್ನುಮ್ ಅವರಿಗೆ ಅಷ್ಟು ಹೆಮ್ಮೆಯಾಗಿರಲಿಲ್ಲ.

ಎಲ್ಲರೂ ಹೋದ ಮೇಲೆ ಹನುಮಂತರಾಯಪ್ಪನವರು ಬಂದು ಪಕ್ಕದಲ್ಲಿ ನಿಂತರು. “ಪಕ್ಕದೂರಿನ ಶಾಲೆಯೋರು ಮೂರು ಮೂರು ಮೆಟ್ಲು ತೋರಿಸಿದಾರಂತಮ್ಮಾ. ನಮ್ ಶಿರೀಷಂದು ಎಷ್ಟು ಅಂತ ಬರೀತೀರಾ?”

“ಒಂದು, ಸಾರ್.”

“ಬರೀರಿ, ಬರೀರಿ,” ಎಂದ ಅವರ ಮುಖದಲ್ಲೂ ನಗುವಿತ್ತು.

ತರನ್ನುಮ್ ಪೆನ್ನು ತೆಗೆದು ‘ಒಂದು ಮೆಟ್ಟಿಲು’ ಎಂದು ಬರೆದರು. ಆ ‘ಒಂದು’ ಎಂಬುದನ್ನು ಉಳಿದೆಲ್ಲಕ್ಕಿಂತ ಸ್ವಲ್ಪ ದೊಡ್ಡದಾಗಿಯೇ ಬರೆದರು.