ಎದುರುಮನೆ ಮಾವ ದೆವ್ವಕ್ಕೆ ಓಗೊಟ್ಟಿದ್ದು

ಮೊನ್ನೆ ನನ್ನ ಮೊಮ್ಮಗ ಎಲ್ಲಿಂದಲೋ ಒಂದು ಹಳೇ ಕಾಲದ ರೇಡಿಯೋ ಹೊತ್ತು ತಂದು ಹಾಲಿನಲ್ಲಿಟ್ಟ. ಕೇಳುವುದಕ್ಕಲ್ಲವಂತೆ, ಚೆಂದಕ್ಕಂತೆ. ಆದರೂ ಕೈ ಸುಮ್ಮನಿರದೆ ವೈರು ಸಿಕ್ಕಿಸಿ ಸ್ವಿಚ್ಚು ತಿರುಗಿಸಿದ. ಅದು ಹಾಡಲಿಲ್ಲ, ಕರಕರ ಅಂದಿತು, ಅಷ್ಟೆ. ಆದರೆ ಒಳಗಿನ ವಾಲ್ವು ಕಾದು, ಧೂಳೂ ಮರದ ಪಾಲಿಶೂ ಬೆರೆತ ಬೆಚ್ಚನೆಯ ವಾಸನೆಯೊಂದು ಬಂತು ನೋಡಿ... ಕೂತಿದ್ದ ಕುರ್ಚಿಯಿಂದ ಎದ್ದೇಬಿಟ್ಟೆ. ಅದು ಗುಂಡ್ಲುಪೇಟೆಯ ಎದುರುಮನೆ ಮಾವನ ಜಗಲಿಯ ವಾಸನೆ.

ಐವತ್ತರ ದಶಕದ ಮಾತು. ಉಡಿಗಾಲದಿಂದ ಗುಂಡ್ಲುಪೇಟೆಗೆ ಸೊಸೆಯಾಗಿ ಬಂದ ನನಗೆ ಆಗಿನ್ನೂ ಹದಿನೆಂಟು. ಎದುರುಮನೆಯ ಯಜಮಾನರನ್ನು ಬೀದಿಯ ಸೊಸೆಯರೆಲ್ಲ ಮಾವ ಅನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಹಣೆ ತುಂಬ ವಿಭೂತಿ, ಬೀದಿಗೆಲ್ಲ ಕೇಳುವ ಗಂಟಲು, ಮೂಗಿನ ತುದಿಯಲ್ಲೇ ಕೋಪ. ಈರುಳ್ಳಿ ಮಂಡಿ ಅವರದು. ದಿನಾ ಲಾರಿಗಟ್ಟಲೆ ಮೂಟೆ ತುಂಬಿಸುತ್ತಿದ್ದ ಮನುಷ್ಯ ತಾವು ಮಾತ್ರ ಒಂದು ದಿನವೂ ಲಾರಿ ಹತ್ತಿದವರಲ್ಲ. "ಈರುಳ್ಳಿ ಅತ್ಲಿ, ನಾ ಅತ್ತಾಕಿಲ್ಲ" ಅನ್ನುತ್ತಿದ್ದರು. ತಮ್ಮನನ್ನು ಕೆಡಿಸಿದ್ದೇ ಲಾರಿ ಎಂದು ಅವರು ತೀರ್ಮಾನ ಮಾಡಿಬಿಟ್ಟಿದ್ದರು.

ಅಪ್ಪ ಅಮ್ಮ ತೀರಿಹೋದ ಮೇಲೆ ಆ ತಮ್ಮನನ್ನು ಹೆಗಲ ಮೇಲೆ ಹೊತ್ತು ಬೆಳೆಸಿದವರು ಅವರೇ. ಹುಡುಗ ದೊಡ್ಡವನಾದ ಮೇಲೆ ಲಾರಿಯ ಹುಚ್ಚು ಹತ್ತಿಸಿಕೊಂಡ. ಒಂದು ಸಲ ಹೇಳದೆ ಕೇಳದೆ ಕೇರಳದ ಕಡೆಗೆ ಹೋಗುವ ಲಾರಿ ಹತ್ತಿದವನು ಅಪ್ಪನ ಸಮಾಧಿ ಪೂಜೆಯ ದಿನಕ್ಕೂ ಬರಲಿಲ್ಲ. ಬಂದದ್ದು ಎರಡು ದಿನ ಕಳೆದು, ದೀಪ ಹಚ್ಚುವ ಹೊತ್ತಿಗೆ. ಬಾಗಿಲು ದಾಟಲು ಧೈರ್ಯವಿಲ್ಲದೆ ಬೀದಿಯಲ್ಲೇ ನಿಂತು "ಅಣ್ಣಾ" ಎಂದು ಕರೆದ. ನಾನು ನಮ್ಮ ಹೊಸಿಲಲ್ಲಿ ನಿಂತು ನೋಡುತ್ತಿದ್ದೆ. ಒಳಗೆ ಮಾವ ಕೂತಿದ್ದದ್ದು ಕಾಣುತ್ತಿತ್ತು. ಮೂರು ಸಲ ಕರೆದ, ಮೂರು ಸಲವೂ ಅವರು ಓ ಅನ್ನಲಿಲ್ಲ. ಹುಡುಗ ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡು ಬಸ್ ಸ್ಟ್ಯಾಂಡಿನ ಕಡೆ ಹೊರಟುಹೋದ. ಆಮೇಲೆ ಎರಡು ವರ್ಷ ಅವನ ಹೆಸರೆತ್ತಿದರೆ ಸಾಕು, ಮಾವ ಉಣ್ಣುತ್ತಿದ್ದ ತಟ್ಟೆ ಬಿಟ್ಟು ಏಳುತ್ತಿದ್ದರು.

ಅವನು ಸುಮ್ಮನೆ ಕೂತಿರಲಿಲ್ಲ. ಅತ್ತಿಗೆಗೆ ಕಾರ್ಡು ಬರೆಯುತ್ತಿದ್ದ. ಎದುರುಮನೆ ಅತ್ತೆಗೆ, ಅಂದರೆ ಮಾವನ ಹೆಂಡತಿಗೆ, ಓದು ಬರುತ್ತಿರಲಿಲ್ಲ. ಕಾರ್ಡನ್ನು ಸೆರಗಿನಲ್ಲಿ ಮುಚ್ಚಿಕೊಂಡು ನಮ್ಮ ಹಿತ್ತಿಲಿಗೆ ಬರುತ್ತಿದ್ದರು, ನಾನು ಪಿಸುದನಿಯಲ್ಲಿ ಓದುತ್ತಿದ್ದೆ. ಹಾಗೇ ನಮಗೆ ನಿಜ ತಿಳಿದದ್ದು. ಕೇರಳದ ದಾರಿಯ ಮದ್ದೂರಿನ ಕಾಡು ದಾಟುವಾಗ ಲಾರಿಯ ಅಚ್ಚು ಮುರಿದು, ಆನೆಗಳಿಗೆ ಹೆದರಿ ಎರಡು ರಾತ್ರಿ ಅಲ್ಲೇ ಬಿದ್ದಿದ್ದನಂತೆ. ಪೂಜೆಗೆ ಬರಲಾಗಲಿಲ್ಲವೆಂದು ಅತ್ತುಬಿಟ್ಟಿದ್ದನಂತೆ. ಈಗ ಚಾಮರಾಜನಗರದ ರೈಲ್ವೆ ಸ್ಟೇಷನ್ನಿನ ಹತ್ತಿರ ಒಂದು ಲಾರಿ ಶೆಡ್ಡಿನಲ್ಲಿದ್ದಾನೆ, ಡ್ರೈವರಿಕೆ ಕಲಿತಿದ್ದಾನೆ. "ಅಣ್ಣನಿಗೆ ಹೇಳಬೇಡಿ ಅತ್ತಿಗೆ, ನಿಮ್ಮನ್ನು ಬಯ್ದಾನು" ಎಂದು ಪ್ರತಿ ಕಾರ್ಡಿನ ಕೊನೆಯಲ್ಲೂ ಬರೆಯುತ್ತಿದ್ದ. ನಾವಿಬ್ಬರೂ ಹೆದರಿ ಬಾಯಿ ಹೊಲಿದುಕೊಂಡಿದ್ದೆವು.

ಮಾವ ರೇಡಿಯೋ ತಂದದ್ದು ಆ ಎರಡನೆಯ ವರ್ಷದಲ್ಲಿ. ಬೀದಿಯವರು ಜಂಬಕ್ಕೆ ತಂದರು ಅಂದರು. ಅದು ಸುಳ್ಳು. ಮನೆಯಲ್ಲಿ ಮಕ್ಕಳಿರಲಿಲ್ಲ, ಗಲಾಟೆ ಮಾಡುತ್ತಿದ್ದವನು ಹೋಗಿದ್ದ, ಆ ಮೌನ ಅವರಿಗೆ ತಡೆಯಲಾಗಲಿಲ್ಲ. ಸಂಜೆಯಾದರೆ ರೇಡಿಯೋವನ್ನು ಜಗಲಿಗೆ ತಂದಿಟ್ಟು, ಅದರ ಕಿವಿಯನ್ನು ಪೂರ್ತಿ ತಿರುಗಿಸಿ, ಬೀದಿಗೆಲ್ಲ ಕೇಳಿಸುತ್ತಿದ್ದರು.

ಒಂದು ಸಂಜೆ ದೆವ್ವದ ನಾಟಕವೊಂದು ಬಂತು. ಬೀದಿಗೆ ಬೀದಿಯೇ ಸೇರಿತ್ತು. ಗಂಡಸರು ಜಗಲಿಯ ಮೇಲೆ, ಹೆಂಗಸರು ಬಾಗಿಲ ಹಿಂದೆ. ನಾಟಕದಲ್ಲಿ ಅಣ್ಣ ತಮ್ಮ ಇಬ್ಬರೇ ಇರುವ ಒಂದು ಮನೆ. ತಮ್ಮ ಹೊಳೆ ದಾಟಿ ಹೋದವನು ತಿಂಗಳಾದರೂ ಬಂದಿಲ್ಲ. ಆ ಊರಲ್ಲಿ ಒಂದು ದೆವ್ವ, ಅದು ಬೇಕಾದವರ ದನಿಯಲ್ಲಿ ಕರೆಯುತ್ತದೆ. ಮೂರನೆಯ ಸಲ ಕರೆಯುವ ಶಕ್ತಿ ಅದಕ್ಕಿಲ್ಲ, ಆದರೆ ಅಷ್ಟರೊಳಗೆ ಓ ಅಂದವನು ಬೆಳಗಾಗುವುದರೊಳಗೆ ಸಾಯುತ್ತಾನೆ. ಗಾಳಿ ಬೀಸಿತು, ನಾಯಿ ಊಳಿಟ್ಟಿತು, ಬಾಗಿಲು ಕಿರ್ ಅಂದಿತು. ಹೊರಗಿನಿಂದ ದನಿ ಬಂತು... "ಅಣ್ಣಾ." ನನ್ನ ಪಕ್ಕದಲ್ಲಿದ್ದ ಅತ್ತೆ ನನ್ನ ಕೈ ಹಿಡಿದುಕೊಂಡರು. ನಾಟಕದ ಅಣ್ಣ ಉಸಿರು ಬಿಗಿ ಹಿಡಿದು ಕೂತ. ಮತ್ತೊಮ್ಮೆ ದನಿ ಬಂತು, ಈ ಸಲ ಅಳುತ್ತ... "ಅಣ್ಣಾ..."

"ಓ! ಬಂದೆ ಇರ್ಲಾ!"

ಕೂಗಿದ್ದು ರೇಡಿಯೋ ಅಲ್ಲ, ನಮ್ಮ ಮಾವ. ಎದ್ದು ನಿಂತುಬಿಟ್ಟಿದ್ದರು.

ಪಕ್ಕದ ಮನೆಯ ಅಜ್ಜಿ ಎದೆ ಬಡಿದುಕೊಂಡರು. "ಅಯ್ಯೋ, ದೆವ್ವಕ್ಕೆ ಓ ಅಂದ್ಬುಟ್ಯಲ್ಲಪ್ಪ! ಏನ್ ಕ್ಯಾಮೆ ಮಾಡ್ಬುಟ್ಟೆ!" ಅದು ಮನೆಯೊಳಗೆ ಬಾರದಿರಲಿ ಎಂದು ತಾವೇ ಹೋಗಿ ರೇಡಿಯೋದ ಕಿವಿ ಹಿಂಡಿ ಬಾಯಿ ಮುಚ್ಚಿಸಿದರು.

"ದೆವ್ವನೋ ಗಾಳಿನೋ, ತಮ್ಮ ಕರುದ್ರೆ ಓ ಅನ್ದೆ ಇರಾಕಾಯ್ತದಾ?" ಅಂದರು ಮಾವ. "ಅವತ್ತೊಂದಿನ ಅನ್ನಲಿಲ್ಲ. ಇವತ್ತು ಅಂದ್ಬುಟ್ಟೆ. ಓ ಅಂದ್ಮೇಲೆ ಓಗ್ಬೇಕು. ಎಲ್ಲವ್ನೆ ಅವ್ನು? ಯಾರ್ಗಾರ ಗೊತ್ತಾ?"

"ಚಾಮರಾಜನಗರ!" ಅಂದೆವು ನಾನೂ ಅತ್ತೆಯೂ, ಒಂದೇ ಉಸಿರಿಗೆ.

ಗಂಡಸರ ಮುಂದೆ ತುಟಿ ಬಿಚ್ಚದ ಸೊಸೆ ನಾನು. ಆದರೆ ಬಾಯಿ ತೆರೆದದ್ದಾಗಿತ್ತು, ಇನ್ನು ಮುಚ್ಚಿ ಏನು ಪ್ರಯೋಜನ? ಅಚ್ಚು ಮುರಿದದ್ದು, ಕಾಡು, ಆನೆ, ಅವನು ಅತ್ತದ್ದು, ಎಲ್ಲವನ್ನೂ ಬಾಗಿಲ ಹಿಂದಿನಿಂದಲೇ ಗಡಗಡ ಹೇಳಿಬಿಟ್ಟೆ. ಬಯ್ಯುತ್ತಾರೆಂದು ಕಾದೆ. ಮಾವ ಬಯ್ಯಲಿಲ್ಲ. ಹಣೆ ಚಚ್ಚಿಕೊಂಡು, ಚಪ್ಪಲಿ ಕೂಡ ಮೆಟ್ಟದೆ ಮಂಡಿಯ ಕಡೆ ನಡೆದರು. ಕೊನೆಯ ಬಸ್ಸು ಹೋಗಿಯಾಗಿತ್ತು. ಮಂಡಿಯ ಮುಂದೆ ಮೂಟೆ ತುಂಬಿದ್ದ ಲಾರಿಯೊಂದು ಚಾಮರಾಜನಗರದ ಕಡೆ ಹೊರಟು ನಿಂತಿತ್ತು. ನಮ್ಮ ಮಾವ ಅದನ್ನು ಹತ್ತಿದರು! ಹತ್ತಲು ಬಾರದೆ ಇಬ್ಬರು ಕೆಳಗಿನಿಂದ ನೂಕಬೇಕಾಯಿತಂತೆ.

ಮಾರನೆಯ ಬೆಳಿಗ್ಗೆ ನಾನು ನೀರು ಸೇದುತ್ತಿದ್ದೆ. ಬೀದಿಯ ತುದಿಯಲ್ಲಿ ಹಾರನ್ನು ಕೇಳಿಸಿತು, ನಿಲ್ಲಲೇ ಇಲ್ಲ. ಒಂದು ಖಾಲಿ ಲಾರಿ, ಓಡಿಸುತ್ತಿದ್ದವನು ಆ ತಮ್ಮ. ಪಕ್ಕದಲ್ಲಿ ಮಾವ ಒಂದು ಕೈಯಲ್ಲಿ ಬಾಗಿಲನ್ನೂ ಇನ್ನೊಂದರಲ್ಲಿ ತಮ್ಮನ ಭುಜವನ್ನೂ ಭದ್ರವಾಗಿ ಹಿಡಿದು ಕೂತಿದ್ದಾರೆ. "ಇನ್ನೂ ಒಡಿ, ಜೋರಾಗ್ ಒಡಿ ಕಣ್ಲಾ!" ಎಂದು ಹಾರನ್ನು ಹೊಡೆಸುತ್ತಿದ್ದವರು ಅವರೇ. ಬೀದಿಯವರೆಲ್ಲ ಹೊರಗೆ ಬಂದರು. ಅತ್ತೆ ಆರತಿ ತಟ್ಟೆ ಹುಡುಕುತ್ತ ಒಳಗೂ ಹೊರಗೂ ಓಡಾಡಿದರು. ನಾನು ಕೊಡ ಅಲ್ಲೇ ಬಿಟ್ಟು ಅಳುತ್ತ ನಗುತ್ತ ನಿಂತೆ, ಎರಡೂ ಒಟ್ಟಿಗೆ.

"ರಾತ್ರಿ ಅಣ್ಣ ಸೆಡ್ಡಿನಾಚೆ ನಿಂತ್ಕಂಡು ತಮ್ಮಾ ಅಂತ ಕರೀತಾವ್ನೆ ಅತ್ಗೆ," ಅಂದ ಆ ಹುಡುಗ, ಆರತಿ ಮುಗಿಯುವ ಮೊದಲೇ. "ನಮ್ಮಣ್ಣ ಲಾರಿ ಅತ್ಕಂಡು ಬತ್ತಾನೆ ಅಂದ್ರೆ ಯಾರ್ ನಂಬಾರು? ದೆವ್ವನೇ ಅನ್ಕಂಡು ಕಂಬ್ಳಿ ಒದ್ಕಂಡೆ. ಎರಡ್ನೇ ಸಲನೂ ಓ ಅನ್ನಲಿಲ್ಲ. ಮೂರ್ನೇ ಸಲ ಬಯ್ಯಾಕ್ ಸುರು ಮಾಡ್ದ ನೋಡು. ದೆವ್ವಕ್ಕೆ ಅಷ್ಟೊಂದ್ ಬೈಗಳ ಬರಾಕಿಲ್ಲ ಅಂತ ಎದ್ದು ಓಡ್ಬಂದೆ!"

ಬೀದಿ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಮಾವ ನನ್ನ ಕಡೆ ತಿರುಗಿ, "ಏನವ್ವಾ, ಎರಡು ವರ್ಸ ಕಾಗ್ದ ಓದ್ಕಂಡು ಸುಮ್ಕಿದ್ಯಾ? ಕಳ್ಳಿ! ಇವತ್ತು ನಿಮ್ಮನೇರೆಲ್ಲ ನಮ್ಮನೇಲೇ ಉಣ್ಬೇಕು" ಅಂದರು. ಆ ದಿನ ಅವರ ಜಗಲಿಯ ಮೇಲೆ ಊಟ ಮಾಡದ ಮನೆಯೇ ನಮ್ಮ ಬೀದಿಯಲ್ಲಿರಲಿಲ್ಲ.

ಆಮೇಲೆ ಅವರಿಬ್ಬರೂ ಮೂವತ್ತು ವರ್ಷಕ್ಕೂ ಮೇಲೆ ಒಂದೇ ಒಲೆಯ ಅನ್ನ ಉಂಡರು. ದಿನಾ ಜಗಳವಾಡಿದರು, ದಿನಾ ಜೊತೆಯಲ್ಲೇ ಕೂತು ಉಂಡರು. ಮೊದಲು ಮಾವ ಹೋದರು, ವರ್ಷ ತುಂಬುವುದರೊಳಗೆ ತಮ್ಮನೂ. ಅತ್ತೆ, ಪಕ್ಕದ ಮನೆಯ ಅಜ್ಜಿ, ನನ್ನ ಯಜಮಾನರು... ಆ ಸಂಜೆ ಅಲ್ಲಿದ್ದವರಲ್ಲಿ ಈಗ ಉಳಿದವಳು ನಾನೊಬ್ಬಳೇ.

ಇದನ್ನೆಲ್ಲ ಹೇಳಿದ ಮೇಲೆ ಮೊಮ್ಮಗ ಕೇಳಿದ: "ಅಜ್ಜಿ, ಆ ನಾಟಕ ಕೊನೆಗೆ ಏನಾಯ್ತು? ಹೊರಗಡೆ ಕರೆದದ್ದು ದೆವ್ವನಾ, ತಮ್ಮನಾ?"

ನನಗೆ ಗೊತ್ತಿಲ್ಲ. ನಮ್ಮ ಬೀದಿಯಲ್ಲಿ ಯಾರೂ ಕೊನೆಯನ್ನು ಕೇಳಲೇ ಇಲ್ಲ, ಕೇಳಬೇಕೆಂದು ಯಾರಿಗೂ ಅನ್ನಿಸಲೂ ಇಲ್ಲ. ಮಾವ ಇದ್ದಿದ್ದರೆ ಆ ದೊಡ್ಡ ಗಂಟಲಲ್ಲಿ ಹೇಳುತ್ತಿದ್ದರು: "ತಮ್ಮನೇ ಕಣ್ಲಾ, ಇನ್ಯಾರು?"