ಅತ್ತಿಗೆಯ ಜನನ ಪತ್ರ

ಕಳೆದ ವಾರ ದಾವಣಗೆರೆಯ ಸರಸ್ವತಿ ನಗರದ ನಮ್ಮ ಎದುರುಮನೆಯವರು ಬಾಗಿಲಿಗೆ ಲೋಹದ ಕೊಳವೆಗಳ ಗಾಳಿಗಂಟೆ ಕಟ್ಟಿದರು. ಅದು ಸದ್ದು ಮಾಡಿದಾಗಲೆಲ್ಲ ಅತ್ತಿಗೆ ನೆನಪಾಗುತ್ತಾರೆ...

ಅವರು ಹರಿಹರದಿಂದ ಸೊಸೆಯಾಗಿ ಬಂದ ಮೂರನೇ ವರ್ಷ ಅಣ್ಣನ ಫರ್ನಿಚರ್ ಅಂಗಡಿಯ ವ್ಯಾಪಾರ ಬಿದ್ದುಹೋಯಿತು. ಅವ್ವ ಫೆಂಗ್‌ಶುಯಿ, ಅಂದರೆ ಚೀನಾದ ವಾಸ್ತು, ನೋಡುವವರೊಬ್ಬರನ್ನು ಕರೆಸಿದಳು. ಅವರು ಎಲ್ಲರ ಹುಟ್ಟಿದ ವರ್ಷ ಬರೆದುಕೊಂಡು ನಮ್ಮನ್ನು ಮರ, ಬೆಂಕಿ, ಮಣ್ಣು, ಲೋಹ, ನೀರು ಎಂದು ವಿಂಗಡಿಸಿದರು. ಅಣ್ಣ ಮರ, ಅತ್ತಿಗೆ ಲೋಹ.

"ಲೋಹ ಮರಾನ ಕಡೀತೈತ್ರಿ. ನಿಮ್ಮ ಅಂಗಡೀನೂ ಮರದ್ದೇ," ಎಂದರು.

ಅಂದಿನಿಂದ ಅಣ್ಣ ಅತ್ತಿಗೆಯ ಜೊತೆ ಮಾತು ಬಿಟ್ಟ. ಕಾಲೇಜು ಹುಡುಗಿಯಾಗಿದ್ದ ನಾನು ಅವರಿಗೆ ‘ಕೊಡಲಿ’ ಎಂದು ಹೆಸರಿಟ್ಟೆ. ಎದುರಿಗೇ ಕರೆಯುತ್ತಿದ್ದೆ. ಅವ್ವ ನಗುತ್ತಿದ್ದಳು.

ಅತ್ತಿಗೆ ಜಗಳವಾಡಲಿಲ್ಲ. ಮೊಬೈಲಿನಲ್ಲಿ ನೋಡಿ ನೋಡಿ ಆ ಲೆಕ್ಕವನ್ನೇ ಕಲಿತರು. ಒಂದು ಮಧ್ಯಾಹ್ನ, ತವರಿನಿಂದ ತರಿಸಿದ್ದ ತಮ್ಮ ಜನನ ಪತ್ರವನ್ನು ನನ್ನ ಕೈಗಿಟ್ಟರು.

"ಸ್ಕೂಲಿಗೆ ಬೇಗ ಸೇರಿಸಾಕೆ ನಮ್ಮಪ್ಪ ಅಲ್ಲಿ ಒಂದು ವರ್ಷ ದೊಡ್ಡೋಳು ಅಂತ ಬರೆಸಿದ್ರು. ಇದ್ರಾಗಿರೋ ಖರೇ ವರ್ಷ ಹಿಡಿದ್ರೆ ನಾನು ಲೋಹ ಅಲ್ಲ, ನೀರು. ನೀರು ಮರಾನ ಬೆಳೆಸ್ತೈತೆ. ನಿಮ್ಮಣ್ಣಗೆ ಇದೊಂದು ತೋರ್ಸು. ನಿನ್ ಮಾತು ಕೇಳ್ತಾರೆ."

ನಾನು ತೋರಿಸಲಿಲ್ಲ, ಹರಿದು ಹಾಕಿದೆ. ನನ್ನ ಗೆಳತಿಯನ್ನು ಅಣ್ಣನಿಗೆ ತರುವ ಮಾತನ್ನು ಅವ್ವನೂ ನಾನೂ ಆಗಲೇ ಆಡಿಕೊಂಡಿದ್ದೆವು.

ಎರಡು ದಿನ ಬಿಟ್ಟು, ಅಣ್ಣ ನೋಡಿದನೇ ಎಂದು ಅತ್ತಿಗೆ ಕೇಳಿದರು.

"ನೋಡಿದ. ಏನಾದ್ರೂ ಆಗಿರ್ಲಿ, ಅವಳು ಬ್ಯಾಡ ಅಂದ," ಎಂದೆ.

"ಹಂಗಾದ್ರೆ ಇದು ವರ್ಷದ ಮಾತಲ್ಲ ಬಿಡು..." ಎಂದರು. ಮರುದಿನ ಬೆಳಿಗ್ಗೆ ಒಬ್ಬರೇ ಹರಿಹರದ ಬಸ್ಸು ಹತ್ತಿದರು.

ವಿಚ್ಛೇದನವಾಯಿತು. ಗೆಳತಿ ಅತ್ತಿಗೆಯಾಗಿ ಬಂದಳು. ಅಂಗಡಿ ಮಾತ್ರ ಉಳಿಯಲಿಲ್ಲ.

ಮೊನ್ನೆ ಭಾನುವಾರ, ಅತ್ತಿಗೆಗೆ ಎಲ್ಲವನ್ನೂ ಹೇಳಿಬಿಡೋಣವೆಂದು ಹರಿಹರಕ್ಕೆ ಹೋದೆ. ಅತ್ತಿಗೆಯ ತಾಯಿ ಬಾಗಿಲಲ್ಲೇ ನಿಂತು ಮಾತಾಡಿದರು.

"ಕಾಮಾಲೆ ಆಗಿತ್ತು. ತೀರಿ ಹೋಗಿ ಎರಡು ವರ್ಷ ಆತು. ನಿಮ್ಮ ಮನೆಗೆ ತಿಳಿಸಬ್ಯಾಡ ಅಂದಿದ್ಲು."

ದಾವಣಗೆರೆಗೆ ಮರಳಿ ಬಂದು ಅಣ್ಣನಿಗೆ ಹೇಳಿದೆ. ಜನನ ಪತ್ರ ಹರಿದದ್ದು, ಸುಳ್ಳು ಹೇಳಿದ್ದು, ಒಂದನ್ನೂ ಬಿಡಲಿಲ್ಲ. ಅವನು ಮೊಬೈಲಿನಿಂದ ತಲೆ ಎತ್ತದೆ, "ತೋರ್ಸಿದ್ರೂ ಅವಳನ್ನ ಬಿಡ್ತಿದ್ದೆ," ಎಂದ.

ನಿಜವಿರಬಹುದು. ಆದರೆ ಆ ಮಾತು ಅವನಿಗೆ ಹೊಳೆಯುವ ಮೊದಲೇ, ಅದು ಅವನದೆಂದು ಅತ್ತಿಗೆಗೆ ಹೇಳಿದವಳು ನಾನು.